ಮೇಡಂ ಕೇಳಿ ತಂದ ಗಿಡಗಳು

ಮೇಡಂ ಅವರ ಸೀರೆಯ ಅಂಚಿಗೆ ಸದಾ ಉತ್ತರಾಣಿ ಬೀಜಗಳು ಅಂಟಿಕೊಂಡಿರುತ್ತಿದ್ದವು. ಪಾಠ ಮಾಡುತ್ತಲೇ ಬಗ್ಗಿ ಅವನ್ನು ಕಿತ್ತು ಮೇಜಿನ ಮೇಲಿಡುವರು. ಹಾವೇರಿ ಕಡೆಯವರು. ವಿಶ್ವವಿದ್ಯಾಲಯದ ಶಿರಸಿ ಕೇಂದ್ರದ ಸಸ್ಯೋದ್ಯಾನ ಅವರ ಕೈಗೆ ಬಂದಾಗ ಅಲ್ಲಿ ಕ್ರೋಟನ್ ಬಿಟ್ಟರೆ ಬೇರೇನೂ ಇರಲಿಲ್ಲವಂತೆ.

ತೊಂಬತ್ತರ ದಶಕದಲ್ಲಿ ಅಲ್ಲಿನ ಸಸ್ಯಶಾಸ್ತ್ರ ವಿಭಾಗದಲ್ಲಿ ನಾನು ಅವರ ವಿದ್ಯಾರ್ಥಿನಿ. ಭಾನುವಾರ ಬಂತೆಂದರೆ ನಮ್ಮನ್ನು ಬಸ್ಸು ಹತ್ತಿಸಿಕೊಂಡು ಹಳ್ಳಿಗೆ ಹೊರಡುವರು. ಯಲ್ಲಾಪುರದ ಸಿದ್ದಿ ಕೇರಿಯಿಂದ ಕಾಡುಗೆಣಸಿನ ಬಳ್ಳಿ ಬಂತು. ಸಿದ್ದಾಪುರದ ತ್ಯಾಗಲಿಯಿಂದ ಅಪ್ಪೆಮಿಡಿ ಮಾವಿನ ಕಸಿ ಬಂತು. ಪ್ರತಿ ಗಿಡದ ಫಲಕದಲ್ಲಿ ಲ್ಯಾಟಿನ್ ಹೆಸರು ಕೆಳಗೆ. ಕೊಟ್ಟವರ ಮನೆ, ಊರು ಮೇಲೆ. "ಗಿಡಾ ಕೊಟ್ಟವರು ನಮಗ ಬೀಗರಿದ್ದಂಗ" ಎನ್ನುವರು. ವರ್ಷಕ್ಕೊಮ್ಮೆ ಅವರನ್ನೆಲ್ಲ ಕರೆದು ಊಟ ಹಾಕುವರು. ಸಿದ್ದಿ ಹೆಂಗಸರೂ ಹವ್ಯಕ ಹೆಂಗಸರೂ ಒಂದೇ ಚಾಪೆಯಲ್ಲಿ ಕುಳಿತು ಗೆಡ್ಡೆ ಸುಡುವ ಬಗೆ, ಮಿಡಿ ಉಪ್ಪಿಗೆ ಹಾಕುವ ಬಗೆ ಮಾತಾಡಿದ್ದನ್ನು ನಾನು ಅಲ್ಲಿ ಕಂಡೆ. ಬೇರೆಲ್ಲೂ ಕಂಡಿಲ್ಲ.

ಮುಂದೆ ನಾನು ಅಲ್ಲೇ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಾಗ ಸಸ್ಯೋದ್ಯಾನದ ಜಾಗದಲ್ಲಿ ಅತಿಥಿಗೃಹ ಕಟ್ಟುವ ತೀರ್ಮಾನವಾಯಿತು. ಮೇಡಂ ಮೇಲಧಿಕಾರಿಯ ಬಳಿ ಓಡಿದರು.

"ಸುತ್ತ ಎಲ್ಲಾ ಕಾಡೇ ಇದೆ. ಒಳಗೆ ಇನ್ನೊಂದು ಯಾಕೆ ಮೇಡಂ?" ಎಂದು ಆತ ನಕ್ಕರು.

ಮಳೆ ಹಿಡಿಯುವವರೆಗಾದರೂ ತಡೆಯಿರಿ, ಗಿಡಗಳನ್ನು ಬೇರೆಡೆ ನೆಡುತ್ತೇನೆ ಎಂದು ಮೇಡಂ ಬೇಡಿಕೊಂಡರು. ಆಗಲಿ ಎಂದವರು ಬೇಸಿಗೆಯಲ್ಲೇ ಜೆಸಿಬಿ ತರಿಸಿದರು. ನಾವು ಓಡಿ ಹೋಗುವಷ್ಟರಲ್ಲಿ ಅಪ್ಪೆಮರ ಬೇರು ಮೇಲಾಗಿ ಬಿದ್ದಿತ್ತು. ಮೇಡಂ ಅದರ ಕುಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕಾಡುಮಾವಿನ ಸಸಿಗಳಿಗೆ ಕಸಿ ಕಟ್ಟಿದರು. ಆ ಬಿಸಿಲಿಗೆ ಒಂದೂ ಚಿಗುರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ, ಕಸಿ ಕೊಟ್ಟಿದ್ದ ತ್ಯಾಗಲಿಯ ಅಮ್ಮ ವಿಭಾಗದ ಬಾಗಿಲಿಗೆ ಬಂದು ನಿಂತರು.

"ತಂಗೀ, ಯಮ್ಮನೆ ಅಪ್ಪೆಮರ ಹೊಳೆ ಪಾಲಾತು. ನಿನ್ನ ಹತ್ರ ಇದ್ದಲೇ, ಒಂದು ಕುಡಿ ಕೊಡು."

ಮೇಡಂ ಅವರನ್ನು ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ಕಡೆಗೆ, "ಇಲ್ರಿ ಅಮ್ಮಾರ. ಕಿತ್ತು ಹಾಕಿದ್ರು. ನನ್ನ ಕಡಿಂದ ಉಳಸಾಕ ಆಗ್ಲಿಲ್ಲ" ಎಂದರು.

ಆಕೆ ಬೈಯಲಿಲ್ಲ. "ನಿನ್ನ ಹತ್ರ ಇದ್ದು ಹೇಳಿ ನಂಬ್ಕಂಡು, ಆನು ಬೇರೆ ಯಾರಿಗೂ ಕುಡಿ ಕೊಟ್ಟಿದ್ನಿಲ್ಲೆ" ಎಂದಷ್ಟೇ ಹೇಳಿ, ತರಿಸಿದ ಚಹಾ ಮುಟ್ಟದೆ ಬಸ್ಸಿಗೆ ಎದ್ದರು.

ಆಮೇಲೆ ಮೇಡಂ ಹಳ್ಳಿಗಳಿಗೆ ಹೋಗುವುದನ್ನೇ ಬಿಟ್ಟರು. ಅವಧಿಗೆ ಮೊದಲೇ ನಿವೃತ್ತಿ ಪಡೆದು ಹಾವೇರಿಗೆ ಮರಳಿದರು. ಕೆಲವು ವರ್ಷಗಳ ನಂತರ ನಾನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಸಿದ್ದಿ ಕೇರಿಯವರು ಇನ್ನೂ ನಿಮ್ಮನ್ನು ಕೇಳುತ್ತಾರೆ ಎಂದೆ. ಖುಷಿಪಡುತ್ತಾರೆಂದುಕೊಂಡಿದ್ದೆ. ಗೋಡೆಯತ್ತ ಹೊರಳಿಕೊಂಡರು.

"ಇನ್ನ ಯಾರ ಮನಿ ಗಿಡಾನೂ ಕೇಳಬ್ಯಾಡ. ಕಾಯಾಕ ಆಗದವರು ಕೇಳೂದಂದ್ರ ಕಸಗೊಂಡಂಗ."

ಮೇಡಂ ಹೆಚ್ಚು ದಿನ ಉಳಿಯಲಿಲ್ಲ.

ಈಗ ಅದೇ ವಿಭಾಗದಲ್ಲಿ ನಾನು ಪಾಠ ಮಾಡುತ್ತೇನೆ. ಹಳ್ಳಿಗೆ ಹೋದಾಗ ಯಾರಾದರೂ ಅಕ್ಕರೆಯಿಂದ ಸಸಿಯೊಂದನ್ನು ಕೈಗಿಡಲು ಬಂದರೆ ಬೇಡವೆನ್ನುತ್ತೇನೆ. ಮೇಡಂ ಕಲಿಸಿದ್ದರಲ್ಲಿ ನಾನು ತಪ್ಪದೆ ಪಾಲಿಸುತ್ತಿರುವುದು ಇದೊಂದನ್ನೇ.