ಅರುಣಕುಮಾರಿ ಟೀಚರ್ ಕೇಳಿದ ಪ್ರಶ್ನೆ

ಬಂಗಾರಪೇಟೆಯಿಂದ ಬಸ್ಸಿನಲ್ಲಿ ಬಂದು ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ನಡೆಸುವ ಅರುಣಕುಮಾರಿಗೆ ಚಿತ್ರದ ಪುಸ್ತಕಗಳೆಂದರೆ ಜೀವ. ಕತೆಯಲ್ಲಿ ಬರುವವರ ಮುಖ ನೋಡಿ ಅವರ ಮನಸ್ಸಿನಲ್ಲೇನಿದೆ ಎಂದು ಮಕ್ಕಳು ಹೇಳಬೇಕು. ಅದೇ ಅವರ ಪಾಠ.

ಒಂದು ದಿನ ಅಪ್ಪ ಮನೆಗೆ ಬರುವ ಚಿತ್ರ ಬಂತು. ಅಂಗಳದಲ್ಲಿ ಇಬ್ಬರು ಮಕ್ಕಳು ಓಡುತ್ತಿದ್ದರು.

"ಇವ್ರು ಯಾಕೆ ಓಡ್ತಿದಾರೆ?"

ನಾಲ್ಕು ವರ್ಷದ ಪ್ರಿಯಾ ಎಲ್ಲರಿಗಿಂತ ಮೊದಲು ಹೇಳಿದಳು. "ಅವ್ರಪ್ಪ ಬಂದವ್ನೆ ಟೀಚರ್. ಮಂಚದ ಕೆಳಗೆ ಬಚ್ಚಿಟ್ಕಳಕ್ಕೆ ಓಡ್ತಾವ್ರೆ."

ಉಳಿದ ಮಕ್ಕಳು ನಕ್ಕರು. ಅರುಣಕುಮಾರಿಗೆ ನಗು ಬರಲಿಲ್ಲ. ಸಂಜೆ ಪ್ರಿಯಾಳ ಮನೆಗೆ ಹೋಗಿ, ಮಗು ತುಂಬಾ ಹೆದರಿದೆ ಎಂದರು. ತಾಯಿ ಶ್ಯಾಮಲ ತಲೆ ತಗ್ಗಿಸಿದಳು. ಅಪ್ಪ ಬೈರೇಶ್ ಜಗಲಿಯಿಂದ ಏಳಲೂ ಇಲ್ಲ.

"ಕತೆ ಏಳ್ಕೊಡಮ್ಮ ಅಂತ ಮಗೀನ ಕಳ್ಸಿದ್ರೆ, ನಮ್ಮನೆ ಕತೆ ಕೇಳ್ತೀಯಾ?"

ಒಂದು ವಾರ ಪ್ರಿಯಾ ಬರಲಿಲ್ಲ. ಆಮೇಲೆ ತಾಯಿಯೇ ಕರೆತಂದಳು. ಮಗುವಿನ ಕಿವಿಯ ಹಿಂದೆ ಚರ್ಮ ಕಂದಿತ್ತು.

"ನೀವು ಬಂದೋದ್ಮೇಲೆ ಒಡ್ಯೋದು ಎಚ್ಚಾಯ್ತು ಟೀಚರ್. ಇನ್ನೇನೂ ಕೇಳ್ಬೇಡಿ ಅವಳ್ನ," ಎಂದಳು ಶ್ಯಾಮಲ, ಮೆಲ್ಲಗೆ.

ಅಂದಿನಿಂದ ಯಾವ ಚಿತ್ರ ತೋರಿಸಿದರೂ ಪ್ರಿಯಾ ಮೊದಲು ಟೀಚರ್ ಮುಖ ನೋಡುತ್ತಾಳೆ. ಹುಲಿಯ ಬಾಯಿಗೆ ಸಿಕ್ಕ ಜಿಂಕೆಯನ್ನು ತೋರಿಸಿದಾಗಲೂ ಹಾಗೇ ನೋಡಿ, "ನಗ್ತಾ ಐತೆ ಟೀಚರ್," ಎಂದಳು. ಜಾಣೆ ಎನ್ನಲು ಅರುಣಕುಮಾರಿಗೆ ಬಾಯಿ ಬರಲಿಲ್ಲ. ತಪ್ಪು ಎನ್ನುವ ಧೈರ್ಯವೂ ಆಗಲಿಲ್ಲ. ಪುಟ ತಿರುಗಿಸಿದರು.