ಗೋಡೆ ಕೇಳುವ ನಾಝಲ್

ಆ ಬಡಾವಣೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಜೋರಪ್ಪ ಎಂದು. ಮನೆಗಳ ಹೊರಗೋಡೆ ತೊಳೆಯುವ ಮೆಷಿನ್ನಿನ ಪಕ್ಕ ಜೀವಮಾನವೆಲ್ಲ ನಿಂತು, ಅದರ ಗದ್ದಲ ಮೀರಿಸಿ ಕೂಗಿ ಕೂಗಿ, ಅವನು ಮನೆಯೊಳಗೆ ಕುಡಿಯಲು ನೀರು ಕೇಳಿದರೆ ಎದುರುಮನೆಯವರು ಲೋಟ ಹಿಡಿದು ಬರುವಂತಾಗಿತ್ತು. ಹೆಂಡತಿ ಅದಕ್ಕೆ ತದ್ವಿರುದ್ಧ, ಅವಳ ಬಾಯಿಂದ ಮಾತು ಹೊರಡುವುದೇ ಅಪರೂಪ. ಆದರೆ ಕೆಲಸದಲ್ಲಿ ಯಜಮಾನಿಕೆ ಅವಳದೇ.

ನೋಡುವವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಸಾರುವೆ ಕಟ್ಟಿ, ಹಲಗೆ ಹತ್ತಿ, ಗನ್ ಹಿಡಿದು ಗೋಡೆಗೆ ನೀರು ಬಿಡುವವನು ಅವನು. ಕೆಳಗೆ ಬಕೆಟ್ ಇಟ್ಟುಕೊಂಡು ನಿಂತವಳು ಅವಳು. ಬಕೆಟ್ಟಿನಲ್ಲಿ ಗನ್ನಿನ ತುದಿಗೆ ಸಿಕ್ಕಿಸುವ ಬಣ್ಣಬಣ್ಣದ ನಾಝಲ್‌ಗಳು. ಹೆಬ್ಬೆರಳಿನಷ್ಟೂ ಇಲ್ಲದ ಆ ಚೂರುಗಳ ಕೈಯಲ್ಲಿ ಮನೆಯ ಮಾನ. ಕೆಂಪು ಹಾಕಿದರೆ ನೀರು ಒಂದೇ ಗೆರೆಯಾಗಿ ನುಗ್ಗಿ ಗಾರೆಯನ್ನೇ ಕೆತ್ತುತ್ತದೆ. ಹಳದಿ ಸಿಮೆಂಟು ನೆಲಕ್ಕೆ, ಹಸಿರು ಕಾಂಪೌಂಡಿಗೆ. ಬಿಳಿಯದರಲ್ಲಿ ನೀರು ಬೀಸಣಿಗೆಯಂತೆ ಹರಡಿ ಬೀಳುತ್ತದೆ, ಅದು ಬಣ್ಣ ಬಳಿದ ಗೋಡೆಗೆ. ಕಪ್ಪು ಎಲ್ಲಕ್ಕಿಂತ ಮೆತ್ತಗೆ. ಅದರಲ್ಲಿ ಬರೀ ಸೋಪುನೀರು ಸುರಿಸಿ, ಪಾಚಿ ತಾನಾಗಿ ಬಿಡುವವರೆಗೆ ಕಾಯಬೇಕು.

ಯಾವ ಗೋಡೆಗೆ ಯಾವುದು ಎಂದು ಆರಿಸುವವಳು ಅವಳು. ಗೋಡೆಯ ಮೇಲೆ ಅಂಗೈ ಉಜ್ಜಿ ನೋಡುತ್ತಿದ್ದಳು. ಕೈಗೆ ಪುಡಿ ಮೆತ್ತಿದರೆ ಕಪ್ಪೇ ಸರಿ. ಗಂಡ ಅವಸರದ ಆಸಾಮಿ, ಬಿಟ್ಟರೆ ಎಲ್ಲದಕ್ಕೂ ಹಸಿರು ಹಾಕಿ ಊಟದ ಹೊತ್ತಿಗೆ ಮನೆ ಸೇರುವವನು. "ಗೋಡೆ ಏನ್ ಕೇಳತ್ತೋ ಅದನ್ನ ಕೊಡ್ಬೇಕು ರೀ, ನಿಮ್ಮ ಹೊಟ್ಟೆ ಕೇಳಿದ್ದನ್ನಲ್ಲ" ಎನ್ನುತ್ತಿದ್ದಳು. ಹಲಗೆಯ ಮೇಲೆ ಅವನ ಕನ್ನಡಕದ ತುಂಬ ನೀರ ಹನಿ, ಬಣ್ಣ ಕಾಣುತ್ತಿರಲಿಲ್ಲ. ಕೆಳಕ್ಕೆ ಕೈ ಚಾಚುತ್ತಿದ್ದ, ಅವಳು ಇಟ್ಟದ್ದನ್ನು ನೋಡದೆ ಸಿಕ್ಕಿಸುತ್ತಿದ್ದ. ಮದುವೆಯಾದ ಮರುವರ್ಷದಿಂದ ಹೀಗೇ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆದುಕೊಂಡು ಬಂದಿತ್ತು.

ಹಾಗಾಗಿ ಟೈಲರಮ್ಮನ ಮನೆಯಲ್ಲಿ ಆದದ್ದು ಅವನ ಕನಸಿನಲ್ಲೂ ಇರಲಿಲ್ಲ. ಕಿಟಕಿಯ ಪಕ್ಕದ ಹಳೇ ಗೋಡೆ. ಹೆಂಡತಿ ಅಂಗೈ ಉಜ್ಜಿದಳು, ಪುಡಿ ನೋಡಿದಳು, ನಾಝಲ್ ಕೊಟ್ಟಳು. ಅವನು ಸಿಕ್ಕಿಸಿ ಗನ್ ಅದುಮಿದ. ಕೆಂಪು! ನೀರು ಗೋಡೆಯನ್ನು ಸೀಳಿಕೊಂಡು ಹೋಯಿತು. ಗಾರೆ ಚಕ್ಕೆಚಕ್ಕೆಯಾಗಿ ಉದುರಿ, ಒಳಗಿನ ಇಟ್ಟಿಗೆಗಳು ಹಲ್ಲು ಕಿರಿದವು.

ಟೈಲರಮ್ಮ ಟೇಪು ಕೊರಳಲ್ಲಿದ್ದ ಹಾಗೇ ಓಡಿ ಬಂದರು. "ಅಯ್ಯೋ, ಏನ್ರೀ ಇದು! ತೊಳೀರಿ ಅಂದ್ರೆ ಕೆಡವ್ತಾ ಇದ್ದೀರಲ್ಲ!"

"ತಪ್ಪಾಯ್ತಮ್ಮ, ನನ್ನ ಕೈಯಿಂದಾನೇ ಆಗಿದ್ದು. ನಾನೇ ಗಾರೆ ಮೆತ್ತಿ ಕೊಡ್ತೀನಿ" ಎಂದ. ತಿರುಗಿ ನೋಡಿದರೆ ಹೆಂಡತಿ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ತನ್ನ ಅಂಗೈಯನ್ನೇ ದಿಟ್ಟಿಸುತ್ತ ನಿಂತಿದ್ದಳು.

"ಪುಡಿ ಬಂತು ರೀ. ಪುಡಿ ಬಂದ್ರೆ ಯಾವುದು ಅನ್ನೋದೇ ಹೋಗ್ಬಿಡ್ತು."

ಅವಳು ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಹೇಳಿದ್ದನ್ನೇ ಹೇಳಲು ಮಗಳಿಗೆ ಮತ್ತೆ ಮತ್ತೆ ಫೋನ್ ಮಾಡುವುದು ಅವನಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ ಎಂದು ತಳ್ಳಿಹಾಕಿದ್ದ. ಆದರೆ ನಾಝಲ್ ಮರೆಯುವುದೆಂದರೆ ಅವಳು ತನ್ನನ್ನೇ ಮರೆತಂತೆ. ಇದಕ್ಕೆ ಗಾರೆ ಮೆತ್ತುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಮಾತ್ರೆ ತಗೊಂಡ್ರೆ ಮರೆವು ನಿಧಾನ ಆಗ್ಬಹುದು. ಹೋಗಿದ್ದು ಮಾತ್ರ ವಾಪಸ್ ಬರಲ್ಲ." ರೂಢಿಯ ಕೆಲಸವನ್ನು ಆದಷ್ಟು ದಿನ ಬಿಡಿಸಬೇಡಿ ಎಂದೂ ಸೇರಿಸಿದರು. ಮಗಳದ್ದು ಬೇರೆಯೇ ರಾಗ.

"ಅಪ್ಪಾ, ಅಮ್ಮನ್ನ ಕೆಲಸಕ್ಕೆ ಕರ್ಕೊಂಡು ಹೋಗೋದು ಬಿಟ್ಬಿಡಿ. ಆ ಕೆಂಪು ನಾಝಲ್ ನೀರು ಯಾರ ಕಾಲಿಗಾದ್ರೂ ಬಿದ್ರೆ ಏನ್ ಗತಿ?"

"ಮನೇಲಿ ಬಿಟ್ರೆ ಗೋಡೆ ನೋಡ್ಕೊಂಡು ಕೂರ್ತಾಳೆ ಕಣಮ್ಮ. ಅಲ್ಲಾದ್ರೆ ಗೋಡೆ ಮುಟ್ಟಿ ನೋಡ್ತಾಳೆ."

ಇಬ್ಬರ ಮಾತೂ ಸರಿಯಾಗಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಮಗಳ ಮಾತಿಗೆ ಕಟ್ಟುಬಿದ್ದು ಒಂದು ದಿನ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದ. ಸಂಜೆ ಬಂದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಹೊರಡೋಣ್ವಾ?" ಎಂದಳು.

ಮರುದಿನ ಮತ್ತೆ ಕರೆದುಕೊಂಡು ಹೋದ. ಮೊದಮೊದಲು ಅವಳು ಕೊಟ್ಟದ್ದನ್ನು ಜೇಬಿಗೆ ಇಳಿಸಿ, ಕನ್ನಡಕ ಒರೆಸಿ, ಬೇರೆಯದನ್ನು ಹುಡುಕಿ ಸಿಕ್ಕಿಸುತ್ತಿದ್ದ. ಒದ್ದೆ ಹಲಗೆಯ ಮೇಲೆ ಈ ಸರ್ಕಸ್ಸು ಮಾಡಲು ಹೋಗಿ ಬೀಳುವುದೊಂದು ಬಾಕಿ. ಕೊನೆಗೊಂದು ಉಪಾಯ ಹೊಳೆಯಿತು. ಪುಡಿ ಉದುರುವ ಹಳೇ ಗೋಡೆಗಳ ಕೆಲಸ ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದ. ಮಿಕ್ಕ ಬಣ್ಣಗಳನ್ನೆಲ್ಲ ತನ್ನ ಚೀಲಕ್ಕೆ ಸೇರಿಸಿ, ಅವಳ ಬಕೆಟ್ಟಿಗೆ ಬರೀ ಬಿಳಿ ನಾಝಲ್‌ಗಳನ್ನು ತಂದು ಹಾಕಿದ. ಇನ್ನು ಯಾವುದನ್ನು ಕೊಟ್ಟರೂ ಅಡ್ಡಿಯಿಲ್ಲ. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ, ಪಾಪ.

ಅವತ್ತಿನದು ಬಣ್ಣ ಬಳಿದ ಗಟ್ಟಿ ಗೋಡೆಯ ಮನೆ. ಮೆಷಿನ್ ಇನ್ನೂ ಶುರು ಮಾಡಿರಲಿಲ್ಲ. ಹಲಗೆಯ ಮೇಲಿಂದ ಕೈ ಚಾಚಿದ, ಕೈಗೆ ಏನೂ ಬರಲಿಲ್ಲ. ಬಗ್ಗಿ ನೋಡಿದರೆ ಅವಳು ನೆಲದಲ್ಲಿ ಕೂತು, ನಾಝಲ್‌ಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

"ರೀ, ಎಲ್ಲಾ ಬಿಳಿ ಕಾಣ್ತಿದೆ. ಬಣ್ಣಾನೂ ಹೋಯ್ತಾ ನನಗೆ?"

ಅವನು ಇಳಿದು ಬಂದ. ಸುಮ್ಮನಿದ್ದರೆ ಅವಳು ಹೆದರಿಯೇ ಸಾಯುತ್ತಾಳೆ. ನಿಜ ಹೇಳಿದರೂ ಏನೋ ಒಂದು ಸಾಯುತ್ತದೆ.

"ಇಲ್ಲ ಕಣೇ, ನಿನ್ನ ಕಣ್ಣು ಸರಿಯಾಗೇ ಇದೆ. ಎಲ್ಲಾ ಬಿಳೀನೇ. ನಾನೇ ಹಾಕಿಟ್ಟೆ, ತಪ್ಪಾಗ್ದೇ ಇರ್ಲಿ ಅಂತ."

ಅವಳ ಮುಖಕ್ಕೆ ನೆಮ್ಮದಿ ಬಂತು. ಬಂದದ್ದು ನಿಲ್ಲಲಿಲ್ಲ. ಮಡಿಲಿನಲ್ಲಿದ್ದದ್ದನ್ನೆಲ್ಲ ಬಕೆಟ್ಟಿಗೆ ಹಾಕಿ, ಒಂದನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡು ಎದ್ದಳು.

"ಹಾಗಾದ್ರೆ ಇದನ್ನ ಕೊಡೋಕೆ ನಾನ್ಯಾಕೆ ರೀ?"

ಉತ್ತರಕ್ಕೆ ಅವಳು ಕಾಯಲಿಲ್ಲ. ನಾಝಲ್ಲನ್ನು ಅವನ ಕೈಗಿಟ್ಟು, ಬಕೆಟ್ಟನ್ನು ಅವನ ಕಾಲ ಬಳಿಗೆ ಸರಿಸಿ, ಕಾಂಪೌಂಡಿನ ನೆರಳಿಗೆ ಹೋಗಿ ಕೂತಳು.