ಇಮಾಮ್ಬೀ ಕೆತ್ತುವ ಹದ್ದಿನ ಕಲ್ಲು

ಶಹಾಬಾದಿನ ಹೊರಗೆ, ಗಣಿಗಳು ಮುಗಿಯುವ ಕಡೆ, ಬೆಳಕು ಹರಿಯುವ ಮೊದಲೇ ಸುತ್ತಿಗೆಯ ಸದ್ದು ಏಳುತ್ತದೆ. ಇಮಾಮ್ಬೀ ಅಂಗಳದಲ್ಲಿ ಕಾಲು ಚಾಚಿ ಕೂತು, ಪಾದಗಳ ನಡುವೆ ಕಲ್ಲು ಹಿಡಿದು ಉಳಿ ಆಡಿಸುತ್ತಿದ್ದಾರೆ. ಜಮೀನು ಅಳೆದ ಮೇಲೆ ಮೂಲೆಗೊಂದು ನೆಡುತ್ತಾರಲ್ಲ, ಆ ಹದ್ದಿನ ಕಲ್ಲು. ಸೇಡಂ, ಚಿತ್ತಾಪುರ, ಅತ್ತ ಚಂದಾಪುರದ ತನಕ ಅವರು ಕೆತ್ತಿದ ಕಲ್ಲುಗಳು ಯಾರದೋ ಹೊಲ ಕಾಯುತ್ತ ನಿಂತಿವೆ.

ಎದುರುಮನೆಯ ಭೀಮಮ್ಮ ಚಹಾ ತಂದು ಪಕ್ಕದಲ್ಲಿ ಕೂರುತ್ತಾರೆ. "ನಮ್ಮ ಗೋರಿ ಕಲ್ಲು ನೀನೇ ಕೆತ್ತಲಿಕತ್ತಿ ನೋಡು."

"ನಾ ಬಿಟ್ರ ಬ್ಯಾರೆ ಕಡಿಂದ ತರ್ತಾರವ್ವ. ಅವು ಸೊಟ್ಟ ಇರ್ತಾವ."

ಈ ಸಲದ ಕಲ್ಲುಗಳು ನಿಲ್ಲುವುದು ಇಲ್ಲೇ, ಅವರಿಬ್ಬರ ಮನೆಗಳನ್ನೂ ಇನ್ನೊಬ್ಬರ ಹದ್ದಿನೊಳಗೆ ಹಾಕಿಕೊಂಡು.

ಇಮಾಮ್ಬೀ ಅವರ ಗಂಡ ಗನಿಸಾಬ ಕಲ್ಲು ನೆಡುವ ಕೆಲಸದವರು. ಕುಣಿ ತೋಡಿ, ತಳಕ್ಕೆ ಹಿಡಿ ಇದ್ದಿಲು ಹಾಕಿ, ಮೇಲೆ ಕಲ್ಲು ನಿಲ್ಲಿಸುತ್ತಿದ್ದರು. ಕಲ್ಲನ್ನು ಯಾರಾದರೂ ಕಿತ್ತು ಸರಿಸಬಹುದು. ಇದ್ದಿಲು ಮಾತ್ರ ಮಣ್ಣಲ್ಲಿ ಕೊಳೆಯದೆ, ಇದ್ದಲ್ಲೇ ಇದ್ದು ಸಾಕ್ಷಿ ಹೇಳುತ್ತದೆ. ಮನೆಗೆಂದು ಮುದುಕರೊಬ್ಬರ ಹೊಲದ ಮೂಲೆಯ ಈ ಜಾಗ ಕೊಂಡಾಗಲೂ ಅವರು ಹಿರಿಯರೆದುರು ಹಾಗೇ ಕಲ್ಲು ನೆಟ್ಟರು. ರಿಜಿಸ್ಟ್ರಿ ಮಾಡಿಸಲಿಲ್ಲ.

"'ಊರಿಗೆಲ್ಲ ಕಲ್ಲು ನೆಡೋನು ನಾ, ನನ್ನ ಕಲ್ಲು ಯಾರ್ ಕೀಳ್ತಾರ' ಅಂತಿದ್ರು. ನಾ ಕಾಗದದ ಮಾತು ತೆಗದ್ರ ನಗೋರು," ಎನ್ನುತ್ತಾರೆ ಇಮಾಮ್ಬೀ. ಆ ಧೈರ್ಯ ನೋಡಿಯೇ ಭೀಮಮ್ಮನ ಮನೆಯವರೂ ಹಾಗೇ ಕೊಂಡರು.

ಗನಿಸಾಬ ತೀರಿಹೋದರು. ಜಾಗ ಮಾರಿದ ಮುದುಕರೂ ತೀರಿಹೋದರು. ಪಹಣಿಯಲ್ಲಿ ಇಡೀ ಹೊಲ ಮುದುಕರ ಮಕ್ಕಳ ಹೆಸರಿಗೆ ಬಂತು. ಅವರು ಅದನ್ನು ಊರಾಚೆಯ ಒಬ್ಬರಿಗೆ ಮಾರಿ ರಿಜಿಸ್ಟ್ರಿ ಮಾಡಿಕೊಟ್ಟರು. ಆ ಕಾಗದದಲ್ಲಿ ಮನೆಯಿಲ್ಲ, ಓಣಿಯಿಲ್ಲ, ಬರೀ ಬೀಳು ನೆಲ. ಇಮಾಮ್ಬೀ ಇದ್ದಿಲಿನ ಮಾತೆತ್ತಿದಾಗ ವಕೀಲರು ಹೇಳಿದ್ದು, "ಅಮ್ಮಾ, ಇದ್ದಲಿಗಿ ಸ್ಟಾಂಪ್ ಹತ್ತಂಗಿಲ್ಲ." ಮನೆ ಉಳಿಸಿಕೊಳ್ಳಲು ಹೂಡಿದ್ದ ದಾವೆ ಬಿದ್ದುಹೋಯಿತು.

ಹೋದ ವಾರ ಸರ್ವೆಯ ಹಣಮಂತರಾಯರು ಕಲ್ಲು ಬೇಕೆಂದು ಹೇಳಲು ಬಂದರು. ಇಮಾಮ್ಬೀ ಎಂದಿನಂತೆ ಕೇಳಿದರು, "ನೆಲ ಎಂಥಾದ್ರಿ ಸಾಹೇಬ್ರ?" ಕಪ್ಪು ಮಣ್ಣಿನ ಎರೆ ಹೊಲ ಬಿರುಕು ಬಿಡುತ್ತದೆ, ಅಲ್ಲಿಗೆ ಉದ್ದ ಕಲ್ಲು ಬೇಕು. ಗಟ್ಟಿ ನೆಲಕ್ಕೆ ಗಿಡ್ಡದು ಸಾಕು.

ಹಣಮಂತರಾಯರು ಚಪ್ಪಲಿ ನೋಡಿಕೊಂಡು ಹೇಳಿದರು, "ನಿನ್ನ ಅಂಗಳ ಹ್ಯಾಂಗದ, ಹಂಗವ್ವ. ನಾ ಅಳಿ ಅಂದ್ರ ಅಳಿಯೋನು."

"ಹಂಗಾರ ಗಿಡ್ಡದು ಸಾಕ್ರಿ," ಎಂದರು ಇಮಾಮ್ಬೀ.

ಈಗ ಬಿಸಿಲು ಗೋಡೆಗೆ ಬಂದಿದೆ. ಕೊನೆಯ ಕಲ್ಲಿನ ಮೈ ಸವರಿ, ಅಂಚಿನ ತರಿ ತೆಗೆಯುತ್ತಾರೆ. "ಒಂದೇ ಮಾತು ಕೇಳೀನಿ ಸರ್ವೆ ಸಾಹೇಬ್ರಿಗಿ. ಈ ಮೂಲ್ಯಾಗ ಕುಣಿ ತೋಡಿದ್ರ ನಮ್ಮವರು ಹಾಕಿದ ಇದ್ದಲಿ ಸಿಗ್ತದ. ಚೆಲ್ಲಬ್ಯಾಡ್ರಿ, ಅದರ ಮ್ಯಾಲೇ ನಿಮ್ಮ ಕಲ್ಲು ನಿಲ್ಲಸ್ರಿ ಅಂತ."

"ಏನಂದ್ರು?" ಭೀಮಮ್ಮ ಕೇಳುತ್ತಾರೆ.

"ಹೂಂ ಅಂದ್ರು. ನನ್ನ ಕಡಿ ನೋಡ್ಲಿಲ್ಲ."